ಬಲಿಪೀಠದಿಂದ ಮರಳಿ ಬಂದ ಹಾಡು
(ಸಂತ ಸಿಸಿಲಿಯಾರ ಹಬ್ಬದ ಪ್ರಬೋಧನೆ – ನವೆಂಬರ್ 22)



ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾರ ಹಬ್ಬವನ್ನು ಇಂದು ಆಚರಿಸುತ್ತಿದ್ದೇವೆ. ಮದುವೆಯ ದಿನ ಸುತ್ತಲೂ ವಾದ್ಯಗಳು ಮೊಳಗುತ್ತಿರಲು, ಸಿಸಿಲಿಯಾ ತಮ್ಮ ಹೃದಯದಲ್ಲೇ ದೇವರಿಗೆ ಹಾಡುತ್ತಿದ್ದರೆಂದು ಪರಂಪರೆ ಹೇಳುತ್ತದೆ. ಆ ಹಾಡು ಯಾರ ಕಿವಿಗೂ ಬೀಳಲಿಲ್ಲ. ಆದರೂ ಧರ್ಮಸಭೆ ಸಂಗೀತಗಾರರನ್ನೆಲ್ಲ ಅವರ ಆಶ್ರಯಕ್ಕೆ ಒಪ್ಪಿಸಿತು. ಏಕೆಂದರೆ, ಹಾಡು ಯಾರಿಗಾಗಿ ಎಂಬುದೇ ಮುಖ್ಯ.

ಮೆಕ್ಸಿಕೋ ದೇಶದ ಗಾಯಕ ಹೊಸೆ ಮೊಹಿಕಾರವರ ಬದುಕು ಇದಕ್ಕೆ ಸಾಕ್ಷಿ. ಅಮೆರಿಕದ ಶಿಕಾಗೋ ನಗರದ ಸಂಗೀತ ನಾಟಕಗಳಲ್ಲಿ ಅವರು ಹೆಸರು ಮಾಡಿದರು. ಪ್ರೊಕೋಫಿಯೆವ್ ರಚಿಸಿದ ಒಂದು ಸಂಗೀತ ನಾಟಕ 1921ರಲ್ಲಿ ಅಲ್ಲಿ ಮೊದಲ ಸಲ ರಂಗವೇರಿದಾಗ ರಾಜಕುಮಾರನಾಗಿ ಹಾಡಿದವರು ಇವರೇ. ಮುಂದೆ ಚಲನಚಿತ್ರಗಳು ಕೈಬೀಸಿ ಕರೆದವು. 1934ರ ಒಂದು ಚಿತ್ರದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಯ ಪಾತ್ರವನ್ನೂ ಮಾಡಿದರು.

1940ರಲ್ಲಿ ತಾಯಿ ತೀರಿಕೊಂಡರು. ಬಳಿಕ ಮೊಹಿಕಾ ರಂಗವನ್ನೂ ಐಶ್ವರ್ಯವನ್ನೂ ಬಿಟ್ಟು ಪೆರು ದೇಶದಲ್ಲಿ ಫ್ರಾನ್ಸಿಸ್ಕನ್ ಸಭೆ ಸೇರಿದರು. ಅಂದು ಪಾತ್ರಕ್ಕಾಗಿ ತೊಟ್ಟ ಅಂಗಿಯನ್ನು ಈಗ ಬದುಕಿಗಾಗಿ ತೊಟ್ಟರು. 1947ರಲ್ಲಿ ಗುರುದೀಕ್ಷೆ ಪಡೆದರು.

ಅವರ ಹಾಡು ಅಲ್ಲಿಗೆ ಮುಗಿಯಿತೇ? ಇಲ್ಲ. ಅವರು ಮತ್ತೆ ಜನರ ಮುಂದೆ ನಿಂತು ಹಾಡಿದರು. ಗುರುಗಳಾಗಲು ಬರುವ ಯುವಕರಿಗೆ ಗುರುಮಠ ಬೇಕಿತ್ತು; ಹಾಡಿನ ಹಣ ಅದಕ್ಕೆ ಸೇರಿತು. ದನಿ ಅದೇ, ಹಾಡುವವರೂ ಅವರೇ. ಆದರೆ ಆ ದನಿ ಈಗ ದೇವರ ಸೊತ್ತು. ಅಬ್ರಹಾಮ ಬಲಿಪೀಠದ ಮೇಲಿಟ್ಟ ಇಸಾಕನನ್ನು ದೇವರು ಹಿಂದಿರುಗಿಸಲಿಲ್ಲವೇ? ನಾವು ಮನಸಾರೆ ಒಪ್ಪಿಸಿದ್ದನ್ನು ದೇವರು ಹಲವು ಬಾರಿ ಇತರರ ಸೇವೆಗಾಗಿ ನಮ್ಮ ಕೈಗೇ ಮರಳಿ ಕೊಡುತ್ತಾರೆ.

ಪ್ರಿಯರೇ, ನಮ್ಮ ಧರ್ಮಕೇಂದ್ರದಲ್ಲೂ ಹಾಡು ನಿಲ್ಲಿಸಿದವರು ಇದ್ದಾರೆ. ಮದುವೆಯಾಗಿ ಮನೆವಾರ್ತೆಯಲ್ಲಿ ಮುಳುಗಿದ ತಾಯಂದಿರು, ದುಡಿಮೆಗಾಗಿ ಊರು ಬಿಟ್ಟು ಬಂದವರು, ಬೇರೆ ಸೇವೆಗೆ ಮನಸೋತು ಗಾನವೃಂದ ಬಿಟ್ಟವರು. "ಇನ್ನು ನನ್ನ ದನಿ ಏರುವುದಿಲ್ಲ" ಎಂದು ಅವರು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುತ್ತಾರೆ. ಆ ವರುಷಗಳು ವ್ಯರ್ಥವಾಗಿಲ್ಲ. ತೊಟ್ಟಿಲ ಬಳಿ ಜೋಗುಳ ಹಾಡಿದ, ರೋಗಿಯ ಹಾಸಿಗೆಯ ಪಕ್ಕ ಜಪಸರ ಹೇಳಿದ ಕಂಠದಲ್ಲಿ ಎಳೆಯ ಕಂಠಕ್ಕೆ ಇನ್ನೂ ಬಾರದ ಪ್ರಾರ್ಥನೆ ಇರುತ್ತದೆ. ತಲಾಂತುಗಳ ಸಾಮತಿಯಲ್ಲಿ ಧಣಿ ಸಿಟ್ಟಾದದ್ದು ಕಡಿಮೆ ಗಳಿಸಿದವನ ಮೇಲಲ್ಲ, ಹೆದರಿ ಹೂತಿಟ್ಟವನ ಮೇಲೆ.

ಆದ್ದರಿಂದ ಗಾನವೃಂದದವರೇ, ಮರಳಿ ಬರುವವರಿಗೆ ಜಾಗ ಬಿಡಿ. ಶ್ರುತಿ ತಪ್ಪಿದರೆ ನಗಬೇಡಿ. ಮನೆಯವರೇ, ಅಭ್ಯಾಸದ ಸಂಜೆ ಅಡುಗೆಮನೆಯ ಕೆಲಸವನ್ನು ನೀವು ವಹಿಸಿಕೊಂಡು ತಾಯಿಯನ್ನು ದೇವಾಲಯಕ್ಕೆ ಕಳುಹಿಸಿ. ಹಾಡು ಬಿಟ್ಟವರೇ, ಚಪ್ಪಾಳೆಗಾಗಿ ಅಲ್ಲ, ದೇವರಿಗಾಗಿ ಬನ್ನಿ. ಬರುವ ಭಾನುವಾರದ ಬಲಿಪೂಜೆಯಲ್ಲಿ ನಿಮ್ಮ ದನಿಯೂ ಕೇಳಿಸಲಿ.

ಸಂತ ಸಿಸಿಲಿಯಾರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.