ಬಾಕಿ ಉಳಿದ ಸಂಬಳ



2018ರ ಅಕ್ಟೋಬರ್ 23, ಮಂಗಳವಾರ. ಸ್ಕಾಟ್ಲೆಂಡಿನ ಅತಿ ದೊಡ್ಡ ನಗರವಾದ ಗ್ಲಾಸ್ಗೋದಲ್ಲಿ ಅಂದು ಎಂಟು ಸಾವಿರಕ್ಕೂ ಹೆಚ್ಚು ಹೆಂಗಸರು ಕೆಲಸಕ್ಕೆ ಹೋಗಲಿಲ್ಲ. ಎಲ್ಲರೂ ನಗರಪಾಲಿಕೆಯವರು, ಇಲ್ಲವೆ ಅದರದೇ ಅಂಗಸಂಸ್ಥೆಗಳವರು. ಶಾಲೆಗಳಲ್ಲಿ ಮಧ್ಯಾಹ್ನದ ಅಡುಗೆ ಮಾಡುವವರು, ಕಚೇರಿ ಗುಡಿಸಿ ಒರೆಸುವವರು, ಶಿಶುವಿಹಾರದ ಸಹಾಯಕಿಯರು; ಎಲ್ಲರಿಗಿಂತ ಮುಖ್ಯವಾಗಿ, ಮನೆಮನೆಗೆ ಹೋಗಿ ಹಾಸಿಗೆ ಹಿಡಿದ ವೃದ್ಧರನ್ನು ಎಬ್ಬಿಸಿ, ಮೈ ತೊಳೆಸಿ, ಮಾತ್ರೆ ನುಂಗಿಸಿ ಬರುವ ಆರೈಕೆಯವರು. ಮುಷ್ಕರ ಎರಡು ದಿನ ನಡೆಯಿತು. ಶಿಶುವಿಹಾರಗಳೂ ಪ್ರಾಥಮಿಕ ಶಾಲೆಗಳೂ ಬಾಗಿಲು ಹಾಕಿದವು. ಗ್ಲಾಸ್ಗೋ ಗ್ರೀನ್ ಮೈದಾನದಿಂದ ಪಾಲಿಕೆಯ ಕಟ್ಟಡವಿರುವ ಜಾರ್ಜ್ ಚೌಕದವರೆಗೆ ಮೆರವಣಿಗೆ ಹೊರಟಿತು.

ಅದೇ ದಿನ ಇನ್ನೊಂದು ಸಂಗತಿ ನಡೆಯಿತು. ಕಸದ ಲಾರಿಗಳ ಗಂಡಸರು ನೂರಾರು ಮಂದಿ, ಹೆಂಗಸರು ನಿಂತಿದ್ದ ಗೇಟುಗಳನ್ನು ದಾಟಿ ಒಳಗೆ ಹೋಗಲು ಒಪ್ಪಲಿಲ್ಲ. ಈ ಹೆಂಗಸರು ತಮ್ಮ ಸಂಬಳವನ್ನು ಯಾರ ಸಂಬಳದ ಪಕ್ಕದಲ್ಲಿಟ್ಟು ಅನ್ಯಾಯ ಎನ್ನುತ್ತಿದ್ದರೋ, ಆ ಗಂಡಸರೇ ಇವರು. ಅವರೂ ಹೊರಗೆ ನಿಂತರು. ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಈ ಸಂಗತಿ. ಅದು ಯಾಕೆ ದೊಡ್ಡದು ಎಂದು ತಿಳಿಯಬೇಕಾದರೆ ಸಂಬಳ ಎರಡು ದಾರಿಯಾದದ್ದು ಹೇಗೆ ಎಂದು ನೋಡಬೇಕು.

ಬ್ರಿಟನ್ನಿನಲ್ಲಿ ಸಮಾನ ವೇತನ ಕಾಯ್ದೆ ಆದದ್ದು 1970ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಡಾಗೆನ್‌ಹ್ಯಾಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಸೀಟು ಹೊಲಿಯುವ ಹೆಂಗಸರು ಮುಷ್ಕರ ಹೂಡಿದ್ದರು. ಸಚಿವೆ ಬಾರ್ಬರಾ ಕಾಸಲ್ ಕಾಯ್ದೆಯನ್ನು ಮುಂದೆ ನಿಂತು ತಂದರು. ಜಾರಿಗೆ ಬರುವ ಹೊತ್ತಿಗೆ 1975ರ ಡಿಸೆಂಬರ್ ಆಗಿತ್ತು. ತಯಾರಿಗೆಂದು ಮಾಲೀಕರಿಗೆ ಐದು ವರ್ಷ ಕೊಟ್ಟಿದ್ದರು. ಆ ಕಾಯ್ದೆ ಮುಖ್ಯವಾಗಿ ಕೇಳುತ್ತಿದ್ದದ್ದು ಒಂದೇ: ಹೆಂಗಸೂ ಗಂಡಸೂ ಅದೇ ಕೆಲಸ ಮಾಡುತ್ತಿದ್ದಾರೆಯೇ? ಪಾಲಿಕೆಗಳಲ್ಲಿ ಈ ಪ್ರಶ್ನೆಯಿಂದ ಹೆಚ್ಚಿನ ಉಪಯೋಗವಿರಲಿಲ್ಲ. ಅಲ್ಲಿ ಕಸ ಎತ್ತುವವರು, ರಸ್ತೆ ಗುಡಿಸುವವರು, ಸ್ಮಶಾನದಲ್ಲಿ ಗುಂಡಿ ತೋಡುವವರು ಗಂಡಸರು. ಅಡುಗೆ, ಶುಚಿ, ಆರೈಕೆ ಹೆಂಗಸರ ಪಾಲು. ಒಂದೇ ಕೆಲಸವನ್ನು ಇಬ್ಬರೂ ಮಾಡುವುದೇ ಅಪರೂಪವಾದ ಮೇಲೆ ಹೋಲಿಕೆ ಎಲ್ಲಿಂದ ಬರಬೇಕು?

ಯುರೋಪಿನ ನ್ಯಾಯಾಲಯ 1982ರಲ್ಲಿ ಈ ಕಾಯ್ದೆ ಸಾಲದು ಎಂದಿತು. 1984ರಿಂದ ಸಮಾನ ಮೌಲ್ಯದ ಕೆಲಸಕ್ಕೂ ಸಮಾನ ವೇತನ ಎಂಬ ಮಾತು ಕಾನೂನಿಗೆ ಸೇರಿತು. ಹಡಗು ಕಟ್ಟುವ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಜೂಲಿ ಹೇವರ್ಡ್ ತನ್ನ ಕೆಲಸ ಅಲ್ಲಿನ ಪೇಂಟರ್ ಮತ್ತು ಬಡಗಿಯ ಕೆಲಸಕ್ಕೆ ಸಮ ಎಂದು ವಾದಿಸಿ, 1988ರಲ್ಲಿ ಅತ್ಯುನ್ನತ ಪೀಠದಲ್ಲಿ ಗೆದ್ದರು. ಕೌಶಲ, ಶ್ರಮ, ಹೊಣೆ, ಕೆಲಸದ ಪರಿಸ್ಥಿತಿ ಇವನ್ನೆಲ್ಲ ಅಂಕ ಹಾಕಿ ತೂಗಬಹುದು ಎಂದು ಅಲ್ಲಿಗೆ ಸಿದ್ಧವಾಯಿತು.

ಪಾಲಿಕೆಗಳೂ 1987ರಲ್ಲಿ ಹೀಗೆಯೇ ತೂಗಿದವು. ದೈಹಿಕ ದುಡಿಮೆಯ ಹುದ್ದೆಗಳಿಗೆಲ್ಲ ದೇಶಮಟ್ಟದಲ್ಲಿ ಮೌಲ್ಯಮಾಪನ ನಡೆದು, ಮನೆಗೆ ಹೋಗಿ ಆರೈಕೆ ಮಾಡುವವರ ಕೆಲಸ ಮೇಲಿನ ದರ್ಜೆಗೇ ಬಂತು. ಕಾಗದದ ಮೇಲೆ ನ್ಯಾಯವಾಯಿತು. ಆದರೆ ಆ ಕಾಗದದಲ್ಲಿದ್ದದ್ದು ಮೂಲ ವೇತನ ಮಾತ್ರ. ಗಂಡಸರ ಕೆಲಸಗಳಿಗೆ 1960ರ ದಶಕದ ಕೊನೆಯಿಂದ ಬೋನಸ್ ಸೇರಿಕೊಂಡಿತ್ತು. ಹೆಚ್ಚು ಕೆಲಸ ತೆಗೆಯಲೆಂದು ಶುರುವಾದ ಬೋನಸ್ ಅದು. ವರ್ಷಗಳು ಕಳೆದಂತೆ ಉತ್ಪಾದಕತೆಯ ಲೆಕ್ಕ ಯಾರೂ ಇಡದೆ, ತಿಂಗಳ ಸಂಬಳದ ಖಾಯಂ ಭಾಗವೇ ಆಗಿಹೋಯಿತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲವರ ಬೋನಸ್ ಮೂಲ ವೇತನದ ಒಂದೂವರೆ ಪಟ್ಟನ್ನೂ ಮೀರಿತ್ತು. ಮುದುಕಿಗೆ ಸ್ನಾನ ಮಾಡಿಸುವವಳಿಗೆ ಬೋನಸ್ ಇಲ್ಲ. ಇಬ್ಬರ ದರ್ಜೆ ಒಂದೇ. ಮನೆಗೆ ಒಯ್ಯುವ ದುಡ್ಡು ಬೇರೆ.

ಇನ್ನೊಂದು ಕಡೆಯಿಂದಲೂ ಪೆಟ್ಟು ಬಿತ್ತು. ಪಾಲಿಕೆಯ ಕೆಲಸಗಳನ್ನು ಟೆಂಡರ್ ಕರೆಯಬೇಕೆಂಬ ನಿಯಮ ಬಂದಾಗ, ಖಾಸಗಿ ಗುತ್ತಿಗೆದಾರರಿಗೆ ಎದುರಾಗಿ ಉಳಿಯಲು ನಾರ್ತ್ ಯಾರ್ಕ್‌ಷೈರ್ ಆಡಳಿತ ಶಾಲೆಯ ಅಡುಗೆಯವರ ಸಂಬಳ ಇಳಿಸಿತು. ಮಾರುಕಟ್ಟೆಯ ದರವೇ ಅಷ್ಟು ಎಂಬುದು ಅದರ ಸಮಜಾಯಿಷಿ. 1995ರಲ್ಲಿ, ಆಗ ಅತ್ಯುನ್ನತ ಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ತಳ್ಳಿಹಾಕಿತು. ಮಾರುಕಟ್ಟೆ ಹೆಂಗಸರಿಗೆ ಕಡಿಮೆ ಕೊಡುತ್ತದೆ ಎಂಬ ಕಾರಣಕ್ಕೆ ಸರ್ಕಾರಿ ಸಂಸ್ಥೆಯೂ ಕಡಿಮೆ ಕೊಡುವಂತಿಲ್ಲ.

ಸರಿಪಡಿಸುವ ಒಪ್ಪಂದಗಳೂ ಆದವು: ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1997ರಲ್ಲಿ, ಸ್ಕಾಟ್ಲೆಂಡಿನಲ್ಲಿ 1999ರಲ್ಲಿ. ದೈಹಿಕ ದುಡಿಮೆಯವರಿಗೂ ಕಚೇರಿಯವರಿಗೂ ಒಂದೇ ವೇತನ ಪಟ್ಟಿ, ಎಲ್ಲ ಹುದ್ದೆಗೂ ಹೊಸ ಮೌಲ್ಯಮಾಪನ. ಸಹಿ ಬಿತ್ತು, ಹಣ ಬರಲಿಲ್ಲ. ಒಂದೊಂದು ಪಾಲಿಕೆ ಒಂದೊಂದು ನೆಪ ಹೇಳಿ ದಿನ ತಳ್ಳಿತು. ಇಷ್ಟಿಷ್ಟು ಮೊತ್ತ ಈಗಲೇ ಕೊಡುತ್ತೇವೆ, ಮುಂದೆ ಕೇಳುವುದಿಲ್ಲವೆಂದು ಬರೆದುಕೊಡಿ ಎಂದದ್ದೂ ಉಂಟು. ದೊಡ್ಡ ಮೊತ್ತವನ್ನು ಒಟ್ಟಿಗೆ ಎಂದೂ ಕಾಣದ ಎಷ್ಟೋ ಮಂದಿ ಸಹಿ ಹಾಕಿದರು. ಅವರನ್ನು ನಾನು ತಪ್ಪೆನ್ನಲಾರೆ.

ಕಾರ್ಮಿಕ ಸಂಘಗಳ ವಿಷಯ ಕಹಿಯಾದರೂ ಹೇಳಲೇಬೇಕು. ಬೋನಸ್ ಕೊಡಿಸಿದವರು ಅವರೇ, ಉಳಿಸಿಕೊಂಡವರೂ ಅವರೇ. ಮಿಡ್ಲ್ಸ್‌ಬರೋದಲ್ಲಿ ಜಿಎಂಬಿ ಸಂಘ ಗಂಡಸರ ಸಂಬಳ ಇಳಿಯದಂತೆ ನೋಡಿಕೊಳ್ಳುವುದಕ್ಕೆ ಆದ್ಯತೆ ಕೊಟ್ಟು, ಹೆಂಗಸರನ್ನು ಕಡಿಮೆ ಬಾಕಿಗೆ ಒಪ್ಪಿಸಿತು. ಸದಸ್ಯೆಯರು ತಮ್ಮ ಸಂಘದ ಮೇಲೆಯೇ ದಾವೆ ಹೂಡಿದರು. 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಇಂಥ ಹೊತ್ತಿನಲ್ಲೇ ಸಂಘದ ಹೊರಗಿನ ಹೋರಾಟ ಬೆಳೆಯಿತು. ಗೆದ್ದರೆ ಮಾತ್ರ ಶುಲ್ಕ ಎಂಬ ಷರತ್ತಿನ ಮೇಲೆ ಸ್ಟೆಫನ್ ಕ್ರಾಸ್ ಎಂಬ ವಕೀಲರು ಸಾವಿರಾರು ದಾವೆ ಹಾಕಿದರು. ಸ್ಕಾಟ್ಲೆಂಡಿನಲ್ಲಿ 'ಆ್ಯಕ್ಷನ್ ಫಾರ್ ಈಕ್ವಾಲಿಟಿ' ಎಂಬ ಗುಂಪು ಹೆಂಗಸರನ್ನು ಒಟ್ಟುಗೂಡಿಸಿತು. ಶುಲ್ಕದ ಆಸೆಗೆ ಬಂದವರು ಎಂದು ಸಂಘದವರು ಮೂದಲಿಸಿದರು. ಆದರೆ ಆ ಒತ್ತಡ ಬಿದ್ದ ಮೇಲೇ ಸಂಘಗಳೂ ಮೈಕೊಡವಿ ಎದ್ದದ್ದು, 2018ರ ಆ ಮುಷ್ಕರಕ್ಕೆ ಜಿಎಂಬಿ ಮತ್ತು ಯುನಿಸನ್ ಎರಡೂ ಕರೆ ಕೊಟ್ಟದ್ದು. ಕಸದ ಲಾರಿಯ ಗಂಡಸರು ಹೊರಗೆ ನಿಂತದ್ದು ಯಾಕೆ ದೊಡ್ಡದು ಎಂದು ಈಗ ಹೊಳೆದಿರಬೇಕು.

ಇಂಥ ಹೋರಾಟಕ್ಕೆ ಮೊದಲು ಬೇಕಾದದ್ದು ಮಾಹಿತಿ. ಪಕ್ಕದ ಹುದ್ದೆಯವನಿಗೆ ಎಷ್ಟು ಸಿಗುತ್ತದೆಂದು ಗೊತ್ತಿಲ್ಲದಿದ್ದರೆ ತನಗೆ ಕಡಿಮೆ ಎಂದು ಹೇಳುವುದಾದರೂ ಹೇಗೆ? ಗ್ಲಾಸ್ಗೋಗೆ ಅಂಟಿಕೊಂಡಿರುವ ಸೌತ್ ಲ್ಯಾನಾರ್ಕ್‌ಷೈರ್ ಆಡಳಿತವನ್ನು ಹೋರಾಟಗಾರರೊಬ್ಬರು 2010ರಲ್ಲಿ ಮಾಹಿತಿ ಹಕ್ಕಿನಡಿ ಒಂದು ಪ್ರಶ್ನೆ ಕೇಳಿದರು: ಇಂತಿಂಥ ಹುದ್ದೆಗಳಲ್ಲಿ ವೇತನ ಶ್ರೇಣಿಯ ಯಾವ ಯಾವ ಮೆಟ್ಟಿಲಲ್ಲಿ ಎಷ್ಟೆಷ್ಟು ಮಂದಿ ಇದ್ದಾರೆ? ಹೆಸರು ಕೇಳಿರಲಿಲ್ಲ, ಸಂಖ್ಯೆ ಮಾತ್ರ. ಅದು ನೌಕರರ ಖಾಸಗಿ ಮಾಹಿತಿ ಎಂದು ಆಡಳಿತ ಲಂಡನ್ನಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2013ರ ಜುಲೈನಲ್ಲಿ ಸೋತಿತು. ಮೂರು ವರ್ಷ, ನಾಲ್ಕು ಸಂಖ್ಯೆ ಮುಚ್ಚಿಡುವುದಕ್ಕಾಗಿ, ಜನರ ತೆರಿಗೆಯ ಹಣದಲ್ಲಿ! ನಮ್ಮಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಿಡಿದು ಅಲೆದವರಿಗೆ ಈ ಅನುಭವ ಹೊಸದಲ್ಲ.

ಇನ್ನು ಗ್ಲಾಸ್ಗೋದ ಹೊಸ ವೇತನ ಪದ್ಧತಿ. ಅದು 2007ರಲ್ಲಿ ಬಂತು, ಸಮಾನತೆ ತರುತ್ತೇವೆ ಎಂಬ ಮಾತಿನೊಡನೆ. ಬೋನಸ್ ಹೋಯಿತು, ಆದರೆ ಬೋನಸ್ ಕಳೆದುಕೊಂಡ ಗಂಡಸರಿಗೆ ಮೂರು ವರ್ಷ ಸಂಬಳ ಇಳಿಯದಂತೆ ರಕ್ಷಣೆ ಕೊಟ್ಟರು. ಹೆಂಗಸರಿಗೆ ಆ ರಕ್ಷಣೆ ಇಲ್ಲ, ಯಾಕೆಂದರೆ ಕಳೆದುಕೊಳ್ಳಲು ಅವರಿಗೆ ಬೋನಸ್ಸೇ ಇರಲಿಲ್ಲ. ವಾರಕ್ಕೆ 37 ಗಂಟೆ ದುಡಿಯುವವರಿಗೆ ಹೆಚ್ಚುವರಿ ಅಂಕ ಎಂಬ ನಿಯಮವೂ ಅದರಲ್ಲಿತ್ತು. ಓದಿದರೆ ಅದರಲ್ಲಿ ಹೆಣ್ಣು ಗಂಡೆಂಬ ಸೊಲ್ಲೇ ಇಲ್ಲ. ಆದರೆ ಆರೈಕೆಯ ಕೆಲಸದ ದಿನ ಹೇಗಿರುತ್ತದೆ ನೋಡಿ: ಬೆಳಿಗ್ಗೆ ವೃದ್ಧರು ಏಳುವ ಹೊತ್ತಿಗೊಮ್ಮೆ, ಊಟದ ಹೊತ್ತಿಗೊಮ್ಮೆ, ರಾತ್ರಿ ಮಲಗಿಸುವಾಗೊಮ್ಮೆ. ಶಾಲೆಯ ಅಡುಗೆಯವರ ಕೆಲಸ ಮಕ್ಕಳ ಊಟ ಮುಗಿದು ಪಾತ್ರೆ ತೊಳೆದರೆ ಮುಗಿಯಿತು. ಈ ಹುದ್ದೆಗಳನ್ನು ಅರೆಕಾಲಿಕವಾಗಿ ಹೊಲಿದಿಟ್ಟದ್ದು ಪಾಲಿಕೆಯೇ. ಗಂಟೆಯ ಮಿತಿ ಹಾಕಿ ಬಾಗಿಲು ಮುಚ್ಚಿದ್ದೂ ಪಾಲಿಕೆಯೇ. ಇದು ಕೈತಪ್ಪಿ ಆದ ಲೆಕ್ಕದ ದೋಷ ಎಂದು ಒಪ್ಪಲು ನನಗೆ ಆಗುವುದಿಲ್ಲ.

ಎರಡು ವರ್ಷದ ಮೇಲೆ, ಆರೈಕೆ ಮತ್ತು ಅಡುಗೆಯವರನ್ನು ಕಾರ್ಡಿಯಾ ಎಂಬ ಅಂಗಸಂಸ್ಥೆಗೆ ಸೇರಿಸಲಾಯಿತು. ಈಗ ನಿಮ್ಮ ಮಾಲೀಕರೇ ಬೇರೆ, ಪಾಲಿಕೆಯ ಗಂಡಸರೊಡನೆ ನಿಮ್ಮನ್ನು ಹೋಲಿಸುವಂತಿಲ್ಲ ಎಂಬ ವಾದವೂ ಬಂತು. ಸ್ಕಾಟ್ಲೆಂಡಿನ ಉಚ್ಚ ನ್ಯಾಯಾಲಯ 2014ರಲ್ಲಿ ಅದಕ್ಕೆ ಕಿವಿಗೊಡಲಿಲ್ಲ. 2017ರಲ್ಲಿ ಅದೇ ನ್ಯಾಯಾಲಯ ಇನ್ನೆರಡು ಪೆಟ್ಟು ಕೊಟ್ಟಿತು: ಗಂಡಸರಿಗೆ ಕೊಟ್ಟ ವೇತನ ರಕ್ಷಣೆಯ ಲಾಭ ಹೆಂಗಸರಿಗೂ ಸಲ್ಲಬೇಕು, ಮತ್ತು, ಹೊಸ ಮೌಲ್ಯಮಾಪನ ಕಾನೂನಿನ ಅಳತೆಗೆ ಒಪ್ಪುತ್ತದೆಂದು ಪಾಲಿಕೆ ತೋರಿಸಿಕೊಟ್ಟಿಲ್ಲ. ಆ ವರ್ಷವೇ ದಶಕಗಳ ಲೇಬರ್ ಆಡಳಿತ ಹೋಗಿ, ಇತ್ಯರ್ಥ ಮಾಡುತ್ತೇವೆಂದು ಮಾತು ಕೊಟ್ಟ ಸ್ಕಾಟಿಷ್ ನ್ಯಾಷನಲ್ ಪಕ್ಷ ಅಧಿಕಾರ ಹಿಡಿಯಿತು. ಮಾತುಕತೆ ತಿಂಗಳುಗಟ್ಟಲೆ ಎಳೆಯಿತು. ಆಮೇಲೆಯೇ ಆ ಎರಡು ದಿನದ ಮುಷ್ಕರ. ಮೂರು ತಿಂಗಳೊಳಗೆ, 2019ರ ಜನವರಿಯಲ್ಲಿ, 50 ಕೋಟಿ ಪೌಂಡಿಗೂ ಮೀರಿದ ಒಪ್ಪಂದವಾಯಿತು. ಇನ್ನೊಂದು ಮೌಲ್ಯಮಾಪನ ಬರುವವರೆಗೆ 2007ರದೇ ನಡೆಯುತ್ತಿದ್ದುದರಿಂದ ಬಾಕಿ ಮತ್ತೆ ಬೆಳೆಯಿತು. 2022ರಲ್ಲಿ ಎರಡನೆಯ ಒಪ್ಪಂದವಾಗಿ ಒಟ್ಟು ಮೊತ್ತ ಸುಮಾರು 77 ಕೋಟಿ ಪೌಂಡ್ ಮುಟ್ಟಿತು. ಹಣ ಹೊಂದಿಸಲು ಪಾಲಿಕೆ ತನ್ನ ಕಟ್ಟಡಗಳನ್ನು ತನ್ನದೇ ಕಂಪನಿಗೆ ಮಾರಿ ಮತ್ತೆ ಬಾಡಿಗೆಗೆ ಪಡೆಯುವ ವ್ಯವಸ್ಥೆ ಮಾಡಿಕೊಂಡಿತು. ಊರಿನ ಹೆಮ್ಮೆಯಾದ ಕೆಲ್ವಿನ್‌ಗ್ರೋವ್ ಕಲಾ ಸಂಗ್ರಹಾಲಯವೂ ಆ ಪಟ್ಟಿಯಲ್ಲಿತ್ತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಹೆಂಗಸರ ಬೇಡಿಕೆಗೆ ಊರಿನ ಆಸ್ತಿ ಹೋಯಿತಲ್ಲ ಎಂದು. ಬರ್ಮಿಂಗ್‌ಹ್ಯಾಮ್ ಪಾಲಿಕೆ 2023ರ ಸೆಪ್ಟೆಂಬರಿನಲ್ಲಿ ಬೊಕ್ಕಸ ಬರಿದಾಯಿತೆಂದು ಕಾನೂನುಬದ್ಧ ನೋಟಿಸ್ ಹೊರಡಿಸಿ, ಸಮಾನ ವೇತನದ ಹೊರೆಯನ್ನು ದೊಡ್ಡ ಕಾರಣವಾಗಿ ತೋರಿಸಿದಾಗ ಈ ಮಾತು ಇನ್ನೂ ಜೋರಾಯಿತು. ಅಲ್ಲಿ ಸುಮಾರು ನಾಲ್ಕು ಸಾವಿರ ಹೆಂಗಸರು 2010ರಲ್ಲೇ ಗೆದ್ದಿದ್ದರು. ಕೆಲಸ ಬಿಟ್ಟು ಹೋಗಿದ್ದ 174 ಮಂದಿಗೆ, ಆರು ವರ್ಷದವರೆಗೆ ಸಿವಿಲ್ ದಾವೆ ಹೂಡಬಹುದೆಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದಾದ ಮೇಲೂ, ಕಸದ ಲಾರಿಯವರು ಕೆಲಸ ಬೇಗ ಮುಗಿದರೆ ಬೇಗ ಮನೆಗೆ ಹೋಗಿ ಪೂರ್ತಿ ಸಂಬಳ ಪಡೆಯುವ ಪದ್ಧತಿ ನಡೆದೇ ಇತ್ತು. ಆರೈಕೆಯವರಿಗೆ ಆ ಅನುಕೂಲವಿರಲಿಲ್ಲ. ತಪ್ಪೆಂದು ತೀರ್ಪಾದ ಮೇಲೂ ಅದೇ ದಾರಿಯಲ್ಲಿ ನಡೆದವರು ಯಾರು? ಈ ಹೆಂಗಸರು ಕೇಳಿದ್ದು ಪರಿಹಾರವಲ್ಲ, ದಾನವಂತೂ ಅಲ್ಲ. ದುಡಿದ ತಿಂಗಳುಗಳ ಸಂಬಳದ ಬಾಕಿ. ಅಷ್ಟು ವರ್ಷ ಆ ಹಣದಲ್ಲಿ ಊರು ನಡೆದಿತ್ತು. ಸಾಲ ಕೊಟ್ಟವರು ಅವರು. ಬಡ್ಡಿ ಬೆಳೆಯಲು ಬಿಟ್ಟದ್ದು ಪಾಲಿಕೆ. ಬಾಕಿ ಕೈಗೆ ಬರುವ ಮುನ್ನವೇ ತೀರಿಕೊಂಡವರೂ ಇದ್ದಾರೆ. ಅವರ ಪಾಲು ಮಕ್ಕಳ ಕೈಸೇರಿತು.

ನಮ್ಮ ದೇಶದ ಮಾತು ಸ್ವಲ್ಪ. ಸಮಾನ ವೇತನದ ಅಂತರರಾಷ್ಟ್ರೀಯ ಕಾರ್ಮಿಕ ಒಡಂಬಡಿಕೆಗೆ ಭಾರತ ಒಪ್ಪಿಗೆ ಕೊಟ್ಟದ್ದು 1958ರಲ್ಲಿ, ಬ್ರಿಟನ್ನಿಗಿಂತಲೂ ಮೊದಲು. ಆ ಒಡಂಬಡಿಕೆ ಹೇಳುವುದು ಸಮಾನ ಮೌಲ್ಯದ ಕೆಲಸ ಎಂದು. ನಮ್ಮ 1976ರ ಸಮಾನ ಸಂಭಾವನೆ ಕಾಯ್ದೆ ಹೇಳಿದ್ದು ಅದೇ ಕೆಲಸ ಅಥವಾ ಅದೇ ಬಗೆಯ ಕೆಲಸ ಎಂದು. 2019ರ ವೇತನ ಸಂಹಿತೆಯೂ ಅಲ್ಲೇ ನಿಂತಿದೆ. ಅಡುಗೆಯವಳ ಕೆಲಸವನ್ನು ಬಡಗಿಯ ಕೆಲಸದ ಪಕ್ಕದಲ್ಲಿಟ್ಟು ತೂಗುವ ದಾರಿ ಈ ಮಾತಿನಲ್ಲಿ ಸುಲಭವಾಗಿ ತೆರೆಯುವುದಿಲ್ಲ. ಅಂಗನವಾಡಿ ಕಾರ್ಯಕರ್ತೆಯರಿಗಂತೂ ಅದಕ್ಕೂ ಮೊದಲಿನ ಅಡ್ಡಿಯಿದೆ. ಅವರಿಗೆ ಸಿಗುವುದು ಗೌರವಧನ. ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಅವರದು ಸರ್ಕಾರಿ ಹುದ್ದೆಯಲ್ಲ ಎಂದು ಹೇಳಿತು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತು ಅವರು ಕೇಳುತ್ತಾ ಬಂದಿರುವುದು ಗೌರವಧನವೆಂಬ ಆ ಹೆಸರು ಬದಲಾಗಲಿ ಎಂದೇ. 2022ರ ಏಪ್ರಿಲಿನಲ್ಲಿ ಗುಜರಾತಿನ ಕಾರ್ಯಕರ್ತೆಯರ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್, ಉಪದಾನ ಅಂದರೆ ಗ್ರಾಚ್ಯುಟಿಯ ಕಾಯ್ದೆಯ ಮಟ್ಟಿಗೆ ಆ ಗೌರವಧನವೂ ವೇತನವೇ ಎಂದು ತೀರ್ಪು ಕೊಟ್ಟಿದೆ. ವೇತನ ಎಂದಾದರೆ ಅದನ್ನು ಯಾರ ವೇತನದೊಡನೆ ಹೋಲಿಸಬೇಕು ಎಂಬುದು ಮುಂದಿನ ಪ್ರಶ್ನೆ. ಗ್ಲಾಸ್ಗೋದ ಹೆಂಗಸರು ಹಿಡಿದು ಬಿಡದೆ ಕೇಳಿದ್ದು ಆ ಪ್ರಶ್ನೆಯನ್ನೇ. ನಮ್ಮಲ್ಲಿ ಅದನ್ನು ಕೇಳಬೇಕಾದವರು ಕಾರ್ಯಕರ್ತೆಯರು ಮಾತ್ರವೇ ಆಗಬೇಕಿಲ್ಲ. ಅವರ ಮಡಿಲಲ್ಲಿ ಮಕ್ಕಳನ್ನು ಬಿಟ್ಟು ನಮ್ಮ ನಮ್ಮ ಕೆಲಸಕ್ಕೆ ಹೋಗುವ ನಾವೂ ಕೇಳಬಹುದು.