ಮನೆ ಸಿಂಗಾರ: ಚೊಂಬು ಕಲಿಸುವ ಪಾಠ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತುಗಳ ಬರಹರೂಪ)



ಮುಂಬಯಿಯಲ್ಲಿ ನಮ್ಮವರು ಇಬ್ಬರು ಸೇರಿದರೆ ಮೊದಲ ಪ್ರಶ್ನೆ, ‘ಯಾವೂರು ನಿಮ್ಮದು?’ ಎರಡನೆಯ ಪ್ರಶ್ನೆ, ‘ಮನೆ ಸ್ವಂತದ್ದೋ, ಬಾಡಿಗೆಯದ್ದೋ?’ ಸ್ವಂತದ್ದು ಎಂದು ಹೇಳುವ ದಿನ ಬರುವಷ್ಟರಲ್ಲಿ ಅರ್ಧ ಆಯುಷ್ಯ ಲೋಕಲ್ ಟ್ರೇನಿನಲ್ಲಿ ಕಳೆದಿರುತ್ತದೆ. ಹಾಗಾಗಿ ಕೀಲಿಕೈ ಸಿಕ್ಕ ಕೂಡಲೇ ಮನೆಯನ್ನು ಸಿಂಗರಿಸುವ ಹುಮ್ಮಸ್ಸು ಬರುವುದು ಸಹಜ. ಇವತ್ತು ಆ ಸಿಂಗಾರದ ಬಗ್ಗೆಯೇ ನಾಲ್ಕು ಮಾತು.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಾವು ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ ಬಂದೆವು. ನಾನು ಕ್ಯಾಟಲಾಗ್ ತಿರುವಿ ತಿರುವಿ ಗಾಜಿನ ಸೆಂಟರ್ ಟೇಬಲ್, ನೆಲಕ್ಕೆ ತಾಗುವಂತಿರುವ ತಗ್ಗಾದ ಸೋಫಾ, ಅದರ ಮುಂದೊಂದು ನುಣುಪಾದ ರಗ್ ತಂದೆ. ಬಂದವರೆಲ್ಲ ‘ಏನ್ ಮಾಡರ್ನ್ ಆಗಿದೆ!’ ಎಂದರು. ನಾನು ಉಬ್ಬಿ ಹೋದೆ.

ಅಷ್ಟರಲ್ಲಿ ಧಾರವಾಡದಿಂದ ಅಪ್ಪ ಬಂದರು. ಅವರ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಇನ್ನೂ ಆಗಿರಲಿಲ್ಲ. ಮೂರನೆಯ ರಾತ್ರಿ ನೀರು ಕುಡಿಯಲು ಎದ್ದವರು ಗಾಜಿನ ಟೇಬಲ್ಲಿಗೆ ಮೊಣಕಾಲು ಬಡಿದುಕೊಂಡರು. ಮೂರು ಹೊಲಿಗೆ ಬಿತ್ತು. ಅವರು ಬೈಯಲಿಲ್ಲ. ‘ತಪ್ಪು ನಂದೇ ಬಿಡು, ಅಲ್ಲೊಂದು ಟೇಬಲ್ ಐತಿ ಅಂತ ಕಾಣಲೇ ಇಲ್ಲ’ ಎಂದರು. ಮರುದಿನ ನನಗೆ ಇನ್ನೊಂದು ವಿಷಯ ಹೊಳೆಯಿತು. ಬಂದಾಗಿನಿಂದ ಅವರು ಆ ಸೋಫಾದ ಮೇಲೆ ಒಮ್ಮೆಯೂ ಕೂತಿರಲಿಲ್ಲ. ಕೂತರೆ ಏಳಲು ಆಗುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನನ್ನ ಮನೆ ಬರುವವರಿಗೆ ಚೆನ್ನಾಗಿತ್ತು, ಇರುವವರಿಗೆ ಇರಲಿಲ್ಲ.

ಹಾಗಾದರೆ ಆಧುನಿಕ ವಿನ್ಯಾಸವೇ ತಪ್ಪೇ? ಇಲ್ಲ ಕೇಳುಗರೆ. ಇಲ್ಲೊಂದು ಸ್ವಾರಸ್ಯದ ಸಂಗತಿ ಇದೆ. ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ದಂಪತಿ ಆಧುನಿಕ ವಿನ್ಯಾಸದಲ್ಲಿ ದೊಡ್ಡ ಹೆಸರು. 1956ರಲ್ಲಿ ಅವರು ರೂಪಿಸಿದ ಚರ್ಮದ ಆರಾಮ ಕುರ್ಚಿಯ ನಕಲುಗಳು ಇಂದಿಗೂ ಫರ್ನಿಚರ್ ಅಂಗಡಿಗಳಲ್ಲಿ ಸಿಗುತ್ತವೆ. ಭಾರತ ಸರ್ಕಾರದ ಆಹ್ವಾನದ ಮೇಲೆ ದೇಶ ಸುತ್ತಿ, 1958ರಲ್ಲಿ ಅವರು ಒಂದು ವರದಿ ಕೊಟ್ಟರು. ಅದರ ಫಲವಾಗಿಯೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾಯಿತು. ಇಷ್ಟು ದೊಡ್ಡ ದೇಶದಲ್ಲಿ ಅವರು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ ವಸ್ತು ಯಾವುದು ಗೊತ್ತೆ? ನಮ್ಮ ಚೊಂಬು! ಅದರಲ್ಲಿ ಎಷ್ಟು ನೀರು ಹಿಡಿಯಬೇಕು, ಕೈಗೆ ಹೇಗೆ ಕೂರಬೇಕು, ಬಗ್ಗಿಸಿದಾಗ ನೀರು ಹೇಗೆ ಬೀಳಬೇಕು, ಒಳಗೆ ಕೈಹಾಕಿ ತೊಳೆಯಲು ಬರಬೇಕೇ, ಬೆಲೆ ಎಷ್ಟು, ಇಂಥ ಎಷ್ಟೋ ಪ್ರಶ್ನೆಗಳಿಗೆ ತಲೆತಲಾಂತರದಿಂದ ಜನ ಕಂಡುಕೊಂಡ ಉತ್ತರ ಆ ಆಕಾರದಲ್ಲಿದೆ ಎಂದು ಅವರು ವಿವರಿಸಿದರು.

ಅಂಗಡಿಗೆ ಹೋದಾಗ ನಾವೂ ಇದೇ ಪ್ರಶ್ನೆಗಳನ್ನು ಕೇಳಿದರಾಯಿತು. ಇದನ್ನು ಯಾರು ಬಳಸುತ್ತಾರೆ? ಯಾವ ಬೆಳಕಿನಲ್ಲಿ? ಯಾರು ಒರೆಸುತ್ತಾರೆ?

ಸೋಫಾ ಕೊಳ್ಳುವ ಮುಂಚೆ ಮನೆಯ ಹಿರಿಯರನ್ನು ಕರೆದೊಯ್ದು ಕೂರಿಸಿ, ಎಬ್ಬಿಸಿ ನೋಡಿ. ಆಸನ ನೆಲದಿಂದ 17–18 ಇಂಚು ಇದ್ದರೆ ಸಾಮಾನ್ಯವಾಗಿ ಏಳುವುದು ಸಲೀಸು. ಸೋಫಾಕ್ಕೂ ಟೇಬಲ್ಲಿಗೂ ನಡುವೆ ಒಂದೂವರೆ ಅಡಿ ಜಾಗ ಬಿಡಿ. ಟೇಬಲ್ಲಿನ ಮೂಲೆಗಳು ದುಂಡಗಿರಲಿ, ಬಣ್ಣ ನೆಲದ ಬಣ್ಣಕ್ಕಿಂತ ಬೇರೆಯಾಗಿ ಎದ್ದು ಕಾಣಲಿ. ರಗ್ ಬೇಕೇ ಬೇಕು ಎಂದರೆ ಅದರ ಅಡಿಗೆ ಜಾರದಂಥ ರಬ್ಬರ್ ಹಾಳೆ ಹಾಕಿ.

ಇನ್ನು ದೀಪ. ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಎಂಬ ಅಂಕಿ ಇರುತ್ತದೆ. 2700ರಿಂದ 3000 ಇದ್ದರೆ ಹಳದಿ ಛಾಯೆಯ ಬೆಚ್ಚನೆ ಬೆಳಕು, 6500 ಇದ್ದರೆ ಆಫೀಸಿನಂಥ ಬಿಳಿ ಬೆಳಕು. ಹಾಲ್‌ನಲ್ಲಿ, ಮಲಗುವ ಕೋಣೆಯಲ್ಲಿ ಬೆಚ್ಚನೆಯದು ಹಿತ. ಅಡುಗೆಮನೆಯಲ್ಲಿ, ಓದುವ ಮೇಜಿನ ಮೇಲೆ ಬೆಳಕು ಸಾಕಷ್ಟು ಪ್ರಖರವಾಗಿರಲಿ. ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಪುಟ್ಟ ನೈಟ್ ಲ್ಯಾಂಪ್ ಇರಲಿ. ಎಲ್ಲ ಸಿಂಗಾರಕ್ಕಿಂತ ಮೊದಲು ಅದನ್ನು ಕೊಳ್ಳಿ ಎನ್ನುತ್ತೇನೆ ನಾನು.

ಗೋಡೆಗೆ ಚಿತ್ರ ಹಾಕುವಾಗ ಅದರ ನಡುಭಾಗ ನೆಲದಿಂದ ಸುಮಾರು 57–60 ಇಂಚು ಎತ್ತರದಲ್ಲಿ, ಅಂದರೆ ನಿಂತವರ ಕಣ್ಣಿನ ಮಟ್ಟದಲ್ಲಿರಲಿ. ಇಲ್ಲಿಯ ಮಳೆಗಾಲ ನಿಮಗೆ ಗೊತ್ತೇ ಇದೆ. ಚೌಕಟ್ಟಿನ ಹಿಂದಿನ ಮೂಲೆಗಳಿಗೆ ಚಿಕ್ಕ ರಬ್ಬರ್ ಬಿಲ್ಲೆ ಅಂಟಿಸಿದರೆ ಗಾಳಿಯಾಡುತ್ತದೆ, ಬೂಸ್ಟು ಹಿಡಿಯುವುದು ಕಡಿಮೆ. ಕಡಿಮೆ ಬೆಲೆಯ ಎಂಡಿಎಫ್ ಕಪಾಟನ್ನು ಒದ್ದೆ ಗೋಡೆಗೆ ಒರಗಿಸಿದರೆ ನೀರು ಕುಡಿದು ಉಬ್ಬುತ್ತದೆ.

ಸಾಮಾನು ಕಡಿಮೆ ಇದ್ದಷ್ಟೂ ಆಧುನಿಕ ಮನೆ ಚೆಂದ. ಹತ್ತು ಅಗ್ಗದ ಗೊಂಬೆಗಳ ಬದಲು ಒಂದೇ ಒಂದು ಒಳ್ಳೆಯ ವಸ್ತು ಇಡಿ. ಅದು ನಮ್ಮ ನಾಡಿನದೇ ಯಾಕಾಗಬಾರದು? ಸತು, ತುಸು ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬರಿಸಿದ ಬಿದರಿ ಹೂಜಿಗಿಂತ ಮಾಡರ್ನ್ ಆದ ಕಪ್ಪು–ಬಿಳುಪು ಯಾವುದಿದೆ? ಅದನ್ನು ಮಾತ್ರ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಆಲೆ ಮರಕ್ಕೆ ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಬಟ್ಟಲು, ಹೂದಾನಿಗಳೂ ಚೆಂದ. ಅರಗು ಬಿಸಿಗೆ ಕರಗುತ್ತದೆ, ಬಿಸಿ ಚಹಾ ಲೋಟವನ್ನು ಅದರ ಮೇಲಿಡಬೇಡಿ. ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಎರಡು ದಿಂಬಿನ ಕವರ್ ಹೊಲಿಸಿದರೆ ಸಾದಾ ಬೂದು ಸೋಫಾಕ್ಕೂ ಕಳೆ ಬರುತ್ತದೆ.

ನಮ್ಮ ಮನೆಯ ಗಾಜಿನ ಟೇಬಲ್ ಈಗ ಇಲ್ಲ. ಸಿಕ್ಕಷ್ಟು ದುಡ್ಡಿಗೆ ಕೊಟ್ಟುಬಿಟ್ಟೆವು. ಸೋಫಾದ ಕಾಲುಗಳಿಗೆ ಬಡಗಿಯಿಂದ ನಾಲ್ಕಿಂಚು ಎತ್ತರ ಕೊಡಿಸಿದೆ. ಅದರ ಪಕ್ಕದಲ್ಲಿ ಒಂದು ದುಂಡು ಮರದ ಸ್ಟೂಲ್, ಅದರ ಮೇಲೆ ರಾತ್ರಿ ಒಂದು ಚೊಂಬು ನೀರು. ಪೊರೆಯ ಆಪರೇಷನ್ ಆದ ಮೇಲೆ ಅಪ್ಪ ಮತ್ತೆ ಬಂದಿದ್ದರು. ಎಲ್ಲ ಕಡೆ ಒಮ್ಮೆ ನೋಡಿ, ಸೋಫಾದ ಮೇಲೆ ಕೂತು, ರೇಡಿಯೋ ಹಚ್ಚು ಅಂದರು. ಬಂದ ಅತಿಥಿಗಳು ಯಾರೂ ಕೊಡದ ಸರ್ಟಿಫಿಕೇಟ್ ಅದು.

ನಿಮ್ಮ ಮನೆಯಲ್ಲೂ ಯಾರಾದರೂ ಪ್ಲಾಸ್ಟಿಕ್ ಕುರ್ಚಿ ಹುಡುಕಿಕೊಂಡು ಮೂಲೆ ಸೇರಿದ್ದಾರೆಯೇ? ಈ ಭಾನುವಾರ ಒಮ್ಮೆ ನೋಡಿ.