ಸಂಘ ಸೇರಿದವನಿಗೆ ಸಿಗುವುದೇನು?

ಕಾರ್ಮಿಕ ಸಂಘ ಎಂದೊಡನೆ ಬಹುಮಂದಿಗೆ ನೆನಪಾಗುವುದು ಬೋನಸ್ಸು, ಘೋಷಣೆ, ಕಾರ್ಖಾನೆ ಗೇಟಿನೆದುರಿನ ಶಾಮಿಯಾನ. ಚಂದಾ ಕೊಡುವ ಕಾರ್ಮಿಕನೂ ಅದರ ಪ್ರಯೋಜನವನ್ನು ಹೆಚ್ಚಿದ ಸಂಬಳದಲ್ಲೇ ಅಳೆಯುತ್ತಾನೆ. ಅದು ತಪ್ಪೇನಲ್ಲ. ಆದರೆ ಸಂಘದಿಂದ ಅವನಿಗೆ ಬಂದ ಇನ್ನೊಂದು ರಕ್ಷಣೆ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ. ಅದು ಬಂದ ಬಗೆಯನ್ನು ತಿಳಿಯಲು ನೂರು ವರ್ಷ ಹಿಂದಿನ ಮದರಾಸಿಗೆ ಹೋಗಬೇಕು.

ಅಲ್ಲಿನ ಪೆರಂಬೂರಿನಲ್ಲಿ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಎಂಬ ಎರಡು ಬಟ್ಟೆ ಗಿರಣಿಗಳಿದ್ದವು. ಆಡಳಿತ ಬಿನ್ನಿ ಕಂಪನಿಯದು. ಬೆಂಗಳೂರಿನ ಬಿನ್ನಿಪೇಟೆಯನ್ನು ಬಲ್ಲವರಿಗೆ ಈ ಹೆಸರು ಹೊಸದಲ್ಲ. ಗಿರಣಿಯ ಕೂಲಿಗಾರರ ದೂರುಗಳಲ್ಲಿ ಒಂದು ಬಹಳ ಸಣ್ಣದು: ಮಧ್ಯಾಹ್ನದ ಊಟಕ್ಕೆ ಸಾಕಷ್ಟು ಬಿಡುವಿಲ್ಲ. ಯಂತ್ರ ಬಿಟ್ಟು ಬಂದು, ಕೈತೊಳೆದು, ಬುತ್ತಿ ಬಿಚ್ಚಿ ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಹೊತ್ತು ಮುಗಿಯುತ್ತಿತ್ತು. ಇದನ್ನು ಮೇಸ್ತ್ರಿಯ ಮುಂದೆ ಹೇಳುವವರು ಯಾರು? ಹೇಳಿದವನು ಮರುದಿನ ಗೇಟಿನ ಹೊರಗೆ.

ಕೂಲಿಗಾರರ ಕಷ್ಟ ಕಂಡ ಇಬ್ಬರು ವ್ಯಾಪಾರಿಗಳು, ಸೆಲ್ವಪತಿ ಚೆಟ್ಟಿಯಾರ್ ಮತ್ತು ರಾಮಾನುಜಲು ನಾಯ್ಡು, ಬಿ.ಪಿ. ವಾಡಿಯಾ ಅವರ ಬಳಿ ಹೋದರು. ವಾಡಿಯಾ ಪಾರ್ಸಿ, ಥಿಯಾಸಫಿಕಲ್ ಸೊಸೈಟಿಯವರು. ಗಿರಣಿಯಲ್ಲಿ ಒಂದು ದಿನವೂ ದುಡಿದವರಲ್ಲ. ಅದೇ ಅನುಕೂಲವಾಯಿತು, ಏಕೆಂದರೆ ಅವರನ್ನು ವಜಾ ಮಾಡಲು ಯಾರಿಂದಲೂ ಆಗುತ್ತಿರಲಿಲ್ಲ! 1918ರ ಏಪ್ರಿಲ್ 27ರಂದು ಅವರ ಅಧ್ಯಕ್ಷತೆಯಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ನಮ್ಮ ದೇಶದ ಮೊದಲ ವ್ಯವಸ್ಥಿತ ಕಾರ್ಮಿಕ ಸಂಘವೆಂದು ಇತಿಹಾಸಕಾರರು ಸಾಮಾನ್ಯವಾಗಿ ಗುರುತಿಸುವುದು ಇದನ್ನೇ.

1920ರಲ್ಲಿ ಕಂಪನಿಗೂ ಸಂಘಕ್ಕೂ ಜಟಾಪಟಿಯಾಯಿತು. ಕಂಪನಿ ಮದರಾಸು ಹೈಕೋರ್ಟಿಗೆ ಹೋಯಿತು. ಕೂಲಿಗಾರರು ಕಂಪನಿಯೊಂದಿಗಿನ ಕರಾರು ಮುರಿಯುವಂತೆ ವಾಡಿಯಾ ಮತ್ತು ಸಂಗಡಿಗರು ಪ್ರೇರೇಪಿಸಿದ್ದಾರೆ, ಆದ್ದರಿಂದ ನಷ್ಟ ತುಂಬಿಕೊಡಬೇಕು ಎಂಬುದು ದಾವೆ. ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಕೊನೆಗೆ ರಾಜಿಯಾಗಿ ವಾಡಿಯಾ ಸಂಘದ ಸಂಪರ್ಕವನ್ನೇ ಬಿಡಬೇಕಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಒಬ್ಬ ಕೂಲಿಗಾರ ಬೇಸತ್ತು ಕೆಲಸಕ್ಕೆ ಬರದಿದ್ದರೆ ಅದು ಅವನೊಬ್ಬನ ತಂಟೆ. ಸಾವಿರ ಜನ ಮಾತಾಡಿಕೊಂಡು ಬರದಿದ್ದರೆ ಕಾನೂನಿನ ಕಣ್ಣಿಗೆ ಅದು ಒಳಸಂಚಾಗಿ ಕಾಣಬಹುದಿತ್ತು. ಅಂದರೆ ಒಗ್ಗಟ್ಟೇ ಅಪರಾಧ. ಬಂಡವಾಳ ಹೂಡುವವರು ಕೂಡಿ ಕಂಪನಿ ಕಟ್ಟಿದರೆ ಅದಕ್ಕೆ ಕಾನೂನಿನ ಮನ್ನಣೆ, ದುಡಿಯುವವರು ಕೂಡಿದರೆ ಕಟಕಟೆ!

ಮದರಾಸಿನ ಈ ಪ್ರಕರಣದ ಬಿಸಿ ದೆಹಲಿಗೂ ತಟ್ಟಿತು. 1921ರಲ್ಲಿ ಎನ್.ಎಂ. ಜೋಶಿ ಕೇಂದ್ರ ಶಾಸನಸಭೆಯಲ್ಲಿ ನಿರ್ಣಯ ತಂದರು. 1926ರಲ್ಲಿ ಕಾರ್ಮಿಕ ಸಂಘಗಳ ಕಾಯ್ದೆಯಾಯಿತು. ನೋಂದಾಯಿತ ಸಂಘದ ಸದಸ್ಯರು ಸಂಘದ ಉದ್ದೇಶಕ್ಕಾಗಿ ಮಾಡಿಕೊಂಡ ಒಪ್ಪಂದವನ್ನು ಒಳಸಂಚೆಂದು ಶಿಕ್ಷಿಸುವಂತಿಲ್ಲ. ಕೈಗಾರಿಕಾ ವಿವಾದದಲ್ಲಿ ಕರಾರು ಮುರಿಯಲು ಪ್ರೇರೇಪಿಸಿದರೆಂಬ ಒಂದೇ ಕಾರಣಕ್ಕೆ ದಾವೆ ಹೂಡುವಂತಿಲ್ಲ. ಹಾಗೆಂದು ಕಲ್ಲು ತೂರಿದವನಿಗೆ ಇದು ಆಸರೆಯಲ್ಲ. ಈ ಕಾಯ್ದೆಯ ಸ್ಥಾನಕ್ಕೆಂದು ರೂಪಿಸಿದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ಎರಡು ರಕ್ಷಣೆಗಳು ಉಳಿದಿವೆ.

ಸಂಘ ಕಟ್ಟಿದ ಮಾತ್ರಕ್ಕೆ ಎಲ್ಲವೂ ಸಿಕ್ಕಿತೆಂದು ತಿಳಿಯಬಾರದು. ಅದೇ ಪೆರಂಬೂರಿನಲ್ಲಿ 1921ರ ಮುಷ್ಕರದ ವೇಳೆಗೆ ಸವರ್ಣೀಯ ಕೂಲಿಗಾರರೂ ಆದಿದ್ರಾವಿಡರೂ ಬೇರೆಬೇರೆಯಾದರು, ಕೇರಿಗಳಲ್ಲಿ ಹೊಡೆದಾಟವಾಯಿತು, ಮುಷ್ಕರ ಸೋತಿತು. ಮಗ್ಗದ ಮುಂದೆ ಒಂದಾಗಿದ್ದವರು ಮನೆಯ ದಾರಿಯಲ್ಲಿ ಒಂದಾಗಿರಲಿಲ್ಲ.

ಇನ್ನು, ಯಜಮಾನನೇ ಇಲ್ಲದವರ ಪಾಡೇನು? 1972ರಲ್ಲಿ ಅಹಮದಾಬಾದಿನ ಇಳಾ ಭಟ್, ತಲೆಹೊರೆ ಹೊರುವ, ಬೀದಿಯಲ್ಲಿ ಮಾರುವ ಹೆಂಗಸರ 'ಸೇವಾ' ಸಂಘವನ್ನು ನೋಂದಾಯಿಸಲು ಹೋದಾಗ ಅಧಿಕಾರಿಗಳು ಇದೇ ಪ್ರಶ್ನೆ ಎತ್ತಿದರು: ಮಾಲೀಕನೇ ಇಲ್ಲವಲ್ಲ, ಹೋರಾಟ ಯಾರ ಮೇಲೆ? ಸಂಘವೆಂಬುದು ಒಬ್ಬರ ಮೇಲಿನ ಹೋರಾಟಕ್ಕಿಂತ ಮೊದಲು ದುಡಿಯುವವರ ಒಗ್ಗೂಡುವಿಕೆ ಎಂದು ಅವರು ವಾದಿಸಿದರು. ಅದೇ ವರ್ಷ ನೋಂದಣಿಯಾಯಿತು.

ಈಗ ಬೆಂಗಳೂರಿನಲ್ಲಿ ಮನೆಬಾಗಿಲಿಗೆ ಊಟ ತಲುಪಿಸುವ ಹುಡುಗರ ಮುಂದೆಯೂ ಅದೇ ಪ್ರಶ್ನೆ ಇದೆ. ಕಂಪನಿಯ ಕಡತದಲ್ಲಿ ಅವರು ನೌಕರರಲ್ಲ, 'ಪಾಲುದಾರರು'. ಅವರಿಗಾಗಿ 2025ರಲ್ಲಿ ಕರ್ನಾಟಕ ಒಂದು ಕಾಯ್ದೆ ಮಾಡಿ ಕಲ್ಯಾಣ ಮಂಡಳಿಗೆ ಅವಕಾಶ ಕಲ್ಪಿಸಿತು. ಆ ಮಂಡಳಿಯಲ್ಲಿ ಕೆಲಸಗಾರರ ಪ್ರತಿನಿಧಿಗಳಿಗೂ ಕುರ್ಚಿ ಇದೆ.